ತಂಗಿಯ ಸೈಕಲ್ಲಿಗೊಂದು ಭದ್ರವಾದ ಶೆಡ್ಡು

...ಹುಡುಕಿ ಸಾಕಾಯ್ತಾ ಭಾವ? ನಿಮ್ಮ ತಂಗಿ ಪೇಟೆಗೆ ಹೋಗಿದ್ದಾಳೆ ಅಂತ ಬಾಗಿಲಲ್ಲೇ ಹೇಳಲಿಲ್ವಾ ನಾನು? ಬರ್ತಾಳೆ ಬಿಡಿ. ಅಷ್ಟರಲ್ಲಿ ಹಿತ್ತಲಿಗೆ ಬನ್ನಿ... ಹುಷಾರು, ಸಿಮೆಂಟು ಇನ್ನೂ ಹಸಿ. ನೋಡಿ! ಹೇಗಿದೆ ನನ್ನ ಶೆಡ್ಡು?

ಯಾಕೆ ನಗ್ತೀರಿ? ಬಡಗಿಗೆ ಬೇರೆಯವರ ಕೆಲಸ ಯಾವತ್ತು ಹಿಡಿಸಿದೆ ಹೇಳಿ! ನಾನೊಬ್ಬ ಅಂಗಡಿ ಗುಮಾಸ್ತ, ಉಳಿ ಯಾವ ಕಡೆ ಹಿಡೀಬೇಕು ಅಂತ ಗೊತ್ತಿಲ್ಲದವನು. ಆದ್ರೂ ಹೊಸದು ಅಂತ ತಂದಿದ್ದು ಈ ಬೀಗ ಒಂದೇ. ಮಿಕ್ಕಿದ್ದೆಲ್ಲ ಮನೇಲಿ ಬಿದ್ದಿದ್ದ ಸಾಮಾನು. ಹಲಗೆ ಹಳೇ ಬೀರುವಿಂದು. ಬಾಗಿಲ ಅಡ್ಡಪಟ್ಟಿ ಮುರಿದ ಕಬ್ಬಿಣದ ಮಂಚದ್ದು. ಒಳಗೊಂದು ಬಣ್ಣದ ಡಬ್ಬ ಇದೆ, ಅದರ ತುಂಬ ಸಿಮೆಂಟು ಸುರಿದು ಸರಪಳಿ ಹೂತಿದ್ದೀನಿ. ಸೈಕಲ್ ಅದಕ್ಕೇ ಕಟ್ಟಿದೆ. ಆನೆ ಬಂದು ಎಳೆದರೂ ಜಪ್ಪಯ್ಯ ಅನ್ನಲ್ಲ!

ಹಾಂ? ಸೈಕಲ್ ಇಲ್ಲೇ ಇದ್ರೆ ಅವಳು ಹೇಗೆ ಹೋದ್ಲು ಅಂತೀರಾ? ನಡ್ಕೊಂಡು ಹೋದ್ಲು ಭಾವ. ದೇವರು ಕಾಲು ಕೊಟ್ಟಿಲ್ವಾ?

ಇಲ್ಲಪ್ಪ, ನಮ್ಮ ಬೀದೀಲಿ ಕಳ್ಳತನ ಅಂತ ಆಗಿಲ್ಲ. ಆದ್ರೂ... ಕೋಟೆ ಕೊಳ್ಳೆ ಹೋದ್ಮೇಲೆ ದಿಡ್ಡಿ ಬಾಗಿಲು ಹಾಕಿ ಏನು ಪ್ರಯೋಜನ? ನೀವು ಆ ಸೈಕಲ್ ಕೊಡ್ಸಿದ್ದೇ ಕೊಡ್ಸಿದ್ದು, ಅವಳಿಗೆ ರೆಕ್ಕೆ ಬಂತು! ಬೆಳಗ್ಗೆ ಹೊಲಿಗೆ ಅಂಗಡಿ, ಸಂಜೆ ಅದ್ಯಾರೋ ಗೆಳತಿ ಮನೆ... ನಾನು ಬರೋ ಹೊತ್ತಿಗೆ ಮನೆಗೆ ಬೀಗ. ಮೊನ್ನೆಯಂತೂ ಕ್ಯಾರಿಯರಿಗೆ ಬಟ್ಟೆ ಗಂಟು ಕಟ್ಕೊಂಡು ಗೇಟಿನ ತನಕ ಹೋಗಿದ್ಲು. ನಿಮ್ಮ ಮನೆಗಂತೆ! ಶಾಶ್ವತವಾಗಿ ಅಂತೆ! ಅಯ್ಯೋ, ಅಂಥಾದ್ದೇನಿಲ್ಲ ಭಾವ. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತ ದೊಡ್ಡವರು ಸುಮ್ನೆ ಹೇಳಿದ್ದಾರಾ? ನಾನೇ ಕೈ ಹಿಡಿದು ಒಳಗೆ ಕರ್ಕೊಂಡು ಬಂದೆ. ಒಳಗೆ ಅಂದ್ರೆ... ಮನೆಗೆ. ಮತ್ತೆಲ್ಲಿಗೆ?

ಸೂರಿನ ಕೆಳಗಿರೋ ಆ ತೂತಾ? ಗಾಳಿಗೆ. ಗಾಳಿ ಆಡದಿದ್ರೆ ಉಸಿ... ತುಕ್ಕು ಹಿಡಿಯುತ್ತೆ ಸೈಕಲ್ಲಿಗೆ.

ಏನು ಹಾಗೆ ಬಗ್ಗಿ ನೋಡ್ತಿದ್ದೀರಿ? ಓ, ಬಾಗಿಲ ಬೋಲ್ಟಿನ ನಟ್ಟು ಹೊರಗಡೆ ಬಂದಿದೆ ಅಂತಾನಾ! ನಮ್ಮ ಅಂಗಡಿ ಬಾಗಿಲು ಕೂರಿಸಿದಾಗ ನೀವೇ ಹೇಳಿದ್ರಿ: ಬೋಲ್ಟಿನ ಗುಂಡು ತಲೆ ಹೊರಗಿರಲಿ, ನಟ್ಟು ಒಳಗಿರಲಿ, ಕಳ್ಳನ ಸ್ಪ್ಯಾನರಿಗೆ ಸಿಗಬಾರದು ಅಂತ. ಮರೀತೀನಾ? ಮೊದಲು ಹಾಗೇ ಹಾಕಿದ್ದೆ. ಆಮೇಲೆ ಎಲ್ಲಾ ಬಿಚ್ಚಿ ತಿರುಗಿಸಿ ಹಾಕಿದೆ. ಯಾಕಂದ್ರೆ ಒಳಗಿಂದ ಬಿಚ್ಚಿಕೊಂಡು...

ಅಲ್ಲ ಅಲ್ಲ. ಗಡಿಬಿಡೀಲಿ ತಪ್ಪಾಯ್ತು. ಭಾವ? ಈಗಷ್ಟೇ ನಗ್ತಾ ಇದ್ರಲ್ಲ! ಬೈಯಿರಿ ಬೇಕಾದ್ರೆ, ದಡ್ಡ ಶಿಖಾಮಣಿ ಅನ್ನಿ! ನಡೀರಿ, ಕಾಫಿ ಕಾಸ್ತೀನಿ. ಬಾಗಿಲಿಗೆ ಕಿವಿ ಯಾಕೆ ಇಡ್ತೀರಿ? ಹಳೇ ಹಲಗೆ, ಬಿಸಿಲಿಗೆ ಚಟಪಟ ಅನ್ನುತ್ತೆ... ಇಲಿ! ಹೌದು, ಇಲಿ ಇರಬೇಕು. ಇಲಿ ಕಾಲು ತಗಲಿದ್ರೂ ಸೈಕಲ್ ಬೆಲ್ಲು ಹೊಡೆಯುತ್ತೆ ಭಾವ... ಮತ್ತೆ ಮತ್ತೆ ಹೊಡೆಯುತ್ತೆ...

ಮುಖ ಯಾಕೆ ಹಾಗೆ ಮಾಡ್ತೀರಿ? ಹತಾರದ ಚೀಲಕ್ಕೆ ಯಾಕೆ ಕೈ ಹಾಕ್ತೀರಿ? ಸ್ಪ್ಯಾನರ್ ಕೆಳಗಿಡಿ. ಇಡಿ ಅಂದೆ! ಮೊದ್ಲು ಏನಾದ್ರೂ ಮಾತಾಡಿ, ಸುಮ್ಮನಿರಬೇಡಿ... ಕೂಗಿ ಕೂಗಿ ಅವಳ ಗಂಟಲು ಕಟ್ಟಿಹೋಗಿದೆ ಭಾವ. ನೀವು ಹೀಗೆ ಸುಮ್ಮನಾಗದೆ ಇದ್ದಿದ್ರೆ ಆ ಬೆಲ್ಲು ನಿಮಗೆ ಕೇಳಿಸ್ತಾನೇ ಇರಲಿಲ್ಲ.