ಗಾಳಿಕಂಬಕ್ಕೆ ಹೂವು

ಅದು ಬಾವಿ ಅಗ್ಗ ಕಣಯ್ಯ. ಕೊಡ ಎತ್ತೋ ಅಗ್ಗ. ಅದನ್ನ ಸೊಂಟಕ್ಕೆ ಸುತ್ಕೊಂಡು ನಾಳೆ ಗಾಳಿಕಂಬ ಅತ್ತೀನಿ ಅಂತೀಯಲ್ಲ, ನಿಂಗೇನಾರ ಗ್ಯಾನ ಅದಾ? ಮೊನ್ನೆ ತಾನೆ ನಡುವೆ ಎಳೆ ಬುಟ್ಟಿತ್ತು ಅಂತ ನಾನೇ ಗಂಟಾಕಿವ್ನಿ. ನೋಡು, ಇಲ್ಲಿ... ಇಲ್ಲಿ ನೋಡು ಅಂದ್ರೆ. ನಗ್ತೀಯಾ? ನಗು, ನಗು. ಒಂದ್ ಕೊಡ ನೀರ ತಡೀದೆ ಇರೋ ಅಗ್ಗ ನಿನ್ನ ತಡ್ದದಾ?

ಇಲ್ಲ, ನಾನು ಬಾಯ್ ಮುಚ್ಚಲ್ಲ. ಬೆಳಿಗ್ಗಿಂದ ಮುಚ್ಕೊಂಡೇ ಇವ್ನಿ. ನೀನು ಚೆಂಡೂವ ಪೋಣ್ಸಿದ್ದೂ ನೋಡ್ದೆ, ಮಾರುದ್ದ ಆರ ಮಾಡಿ ಒದ್ದೆ ಬಟ್ಟೇಲಿ ಸುತ್ತಿ ಮಡಗಿದ್ದೂ ನೋಡ್ದೆ. ಅಬ್ಬಕ್ಕೇನೋ ಅಂದ್ಕೊಂಡೆ. ಈಗ ರಾಟೆಯಿಂದ ಅಗ್ಗ ಬಿಚ್ಕೊಂಬಂದು ಕುಂತ್ಮೇಲೆ ತಾನೆ ಗೊತ್ತಾಗಿದ್ದು. ಆಯ್ದ ಪೂಜೆ ಅಂದ್ರೆ ಫಾರಂನಲ್ಲಿ ಟ್ರಾಕ್ಟ್ರಿಗೂ ಊವ, ಪಂಪ್‌ಸೆಟ್ಟಿಗೂ ಊವ. ಕಂಬಕ್ಕೂ ಆಕ್ಲಿ, ಬ್ಯಾಡ ಅಂದೋರ್ಯಾರು? ಬುಡಕ್ಕೆ ಕಟ್ಲಿ. ಈ ವರ್ಸ ಯಾರೂ ಮ್ಯಾಕೋಗ್ಬ್ಯಾಡಿ, ಬುಡಕ್ಕೇ ಕಟ್ಟಿ ಅಂತ ಸಾಯೇಬ್ರು ಅಂದವ್ರಲ್ಲ. ತುದೀಲೇ ಕಟ್ಟು ಅಂತ ಯಾವ ದೇವ್ರು ನಿನ್ನ ಕೇಳ್ದ?

ಊಂ. ನಂಗೊತ್ತು. ವರ್ಸ ವರ್ಸಾನೂ ನೀನೇ ಕಟ್ತಿದ್ದೆ. ಗಾಳಿ ಅಳ್ಯೋ ಬಟ್ಲಿಗೆ ಸಿಗದಂಗೆ, ಒಂದ್ ಮೊಳ ಕೆಳೀಕೆ, ಬಟ್ಲು ತಿರುಗುವಾಗ ಒಂದ್ ಎಸಳೂ ತಗುಲ್ದಂಗೆ. ಕೊಪ್ಪದ್ ಬಸ್ಸಲ್ಲಿ ಓಗೋರೆಲ್ಲ ಕಿಟ್ಕೀಲಿ ಕತ್ತು ಆಕಿ ನೋಡೋರು. ಕಂಬದ ಚಿಕ್ಕಣ್ಣ ಅಂತ ಎಸ್ರೂ ಬಂತು. ನನ್ನೂ ಕಂಬದ ಮಾಯಮ್ಮ ಅಂತಿದ್ರು ಕಣಯ್ಯ, ನಾನೇನ್ ಕಂಬ ಅತ್ತಿದ್ನಾ? ಆದ್ರೂ ಕರ್ಸ್ಕೊಳಕೆ ಚೆಂದಾಗೇ ಇತ್ತು.

ಅನ್ಯಾಯ ಆಗದೆ. ನಾನೆಲ್ಲಿ ಇಲ್ಲ ಅಂದೆ? ಅಷ್ಟ್ ವರ್ಸ ಮ್ಯಾಕೋಗಿ ಬಟ್ಲಿಗೆ ಎಣ್ಣೆ ಬುಟ್ಟು, ಜೇಡ್ರ ಬಲೆ ತೆಗ್ದು, ನಟ್ಟು ಬೋಲ್ಟು ಬಿಗಿ ಮಾಡಿ ಇಳೀತಿದ್ದೋನ್ಗೆ ಈಗ ಏನ್ ಕೆಲ್ಸ? ಮುಕ್ಕಾಲಿ ಒರಸೋದು. ಸೊಂಟದೆತ್ರದ್ ಮೂರ್ ಕಾಲಿನ್ ಮ್ಯಾಲೆ ಬಿಸ್ಲು ಅಳ್ಯೋ ಪೆಟ್ಗೆ ಕೂರ್ಸವ್ರಲ್ಲ, ಅದ್ರ ಧೂಳು ಒಡ್ಯೋದು, ಕಾಲು ಅಳ್ಳಾಡ್ತದಾ ಅಂತ ನೋಡೋದು, ಮಳೆ ಅಳ್ಯೋ ಡಬ್ಬದ ನೀರು ಚೆಲ್ಲೋದು. ಮೊನ್ನೆ ಬಾವಿಕಟ್ಟೇಲಿ ಶಿವನಂಜಮ್ಮ ಕೇಳುದ್ಲು, ಏನ್ ಮಾಯಮ್ಮ, ನಿನ್ ಗಂಡ ಈಗ ಎಷ್ಟೆತ್ರ ಅತ್ತಾನೆ, ಉಣ್ಣೋ ಮಣೆ ಅತ್ತಾನಾ ಅಂತ. ಎಲ್ರೂ ಕಿಸಕ್ಕಂತ ನಕ್ರು. ಕೊಡ ಅಲ್ಲೇ ಕುಕ್ಕಿ ಬಂದೆ ನಾನು.

ಕಂಬಕ್ಕೆ ಯಾರು? ಆ ಚಿಕ್ಕಮಾದು. ನೆನ್ನೆ ಮೊನ್ನೆ ಮಳವಳ್ಳಿ ಕಡೆಯಿಂದ ಬಂದೋನು. ನಿನ್ ಸೊಂಟದ್ ಬೆಲ್ಟೂ ಅವ್ನಿಗೇ. ನಿನ್ ಬೆವ್ರು ಕುಡ್ದಿರೋ ಚರ್ಮ ಅದು, ಅದನ್ನ ತಕ್ಕೊಂಡೋಗಿ ಬೇರೆಯೋನ್ ಸೊಂಟಕ್ಕೆ ಬಿಗುದ್ರೆ ನಂಗೆ ಒಟ್ಟೆ ಉರಿಯಲ್ವಾ? ಅವ್ನೇನೋ ಪಾಪದೋನೇ. ಅಣ್ಣ, ಕಂಬ ಎಳ್ದು ನಿಲ್ಸಿರೋ ತಂತಿ ಬಿಗಿ ಎಂಗ್ ನೋಡೋದು ಯೇಳ್ಕೊಡು ಅಂತ ಮನೆ ಬಾಗ್ಲಿಗೇ ಬಂದ. ನೀನು ಮಕ ತಿರಿಕ್ಕೊಂಡು ಇತ್ಲಿಗೋದೆ. ಅವನು ನನ್ ಮಕ ನೋಡ್ತಾ ನಿಂತ. ನಾನೇನ್ ಯೇಳ್ಲಿ ಅವ್ನಿಗೆ?

ಎಲ್ಲಾ ಆ ತಿರುನಾರಾಯಣ ಸಾಯೇಬ ಮಾಡಿದ್ದು. ಏನಂತ ಬಯ್ಲಿ ಆವಯ್ಯನ್ನ. ಮೇಲಿಂದ ಆರ್ಡರ್ ಬಂದದೆ, ವಯಸ್ಸು ದಾಟಿದೋರು ಕಂಬ ಅತ್ತಂಗಿಲ್ಲ ಅಂದ್ನಂತೆ. ವಯಸ್ಸಂತೆ, ವಯಸ್ಸು. ನಿನ್ನ ಒಳೀಕೆ ಕರ್ದು ಕೂರ್ಸಿ ಯೇಳುದ್ನಾ? ಇಲ್ಲ. ಎಲ್ಲಾರೂ ನಿಂತಿರೋವಾಗ, ಕಾಗ್ದ ತಿರುವ್ತಾ, ತಲೆ ಸಯಿತ ಎತ್ತದೆ ಯೇಳುದ್ನಂತೆ. ತಣ್ಣಗಿರೋ ಮನ್ಸ. ಮಂಡ್ಯದ್ ಗುತ್ತಲಿನಲ್ಲಿ ಮನೆ, ಮುಂದೆ ತುಳ್ಸಿಕಟ್ಟೆ, ಬಾಗ್ಲಿಗೆ ಅಸಿರು ಬಣ್ಣ, ಒಳ್ಗೆ ಫ್ಯಾನು. ನಮ್ಮಂತೋರ್ ಸಂಕ್ಟ ಆವಯ್ಯನಿಗೇನ್ ಗೊತ್ತಾದದು?

ಏನು? ಬಾಗ್ಲಿನ್ ಬಣ್ಣ ನಂಗೆಂಗ್ ಗೊತ್ತು ಅಂದ್ರೆ... ಯಾರೋ ಅಂದ್ರು. ಕಳೆ ಕೀಳೋವಾಗ ಎಂಗಸ್ರು ಏನೇನೋ ಮಾತಾಡ್ತವೆ. ಬಣ್ಣ ತಕ್ಕೊಂಡು ಏನ್ ಮಾಡೀಯೆ ಬುಡು ಈಗ.

ನಾನು ಅವತ್ತೇ ಅಂದೆ, ಬೆಂಗ್ಳೂರಿನ್ ದೊಡ್ ಸಾಯೇಬ್ರಿಗೆ ಅರ್ಜಿ ಬರ್ಸಾನ ಅಂತ. ಎಮರ್ಜೆನ್ಸಿ ಕಣೆ, ಈಗ ಸೊಲ್ಲೆತ್ತಿದ್ರೆ ಇರೋ ಕೆಲ್ಸಾನೂ ಓದದು ಅಂದೆ ನೀನು. ಸರಿ. ಸೊಲ್ಲೆತ್ಬ್ಯಾಡ. ಮನೇಲಿ ಕುಂತು ಬಯ್ಯಿ. ಆವಯ್ಯನ್ನ ಬೇಕಾದಂಗೆ ಬಯ್ಯಿ, ನಾನೂ ಸೇರ್ಕತೀನಿ. ಅವನ್ ವಂಸ ತೆಗ್ದು ಬಯ್ಯಾನ. ಆದ್ರೆ ಅವನ್ ಮೇಗಳ ಸಿಟ್ಟಿಗೆ ನೀನ್ಯಾಕೆ ಕಂಬ ಅತ್ಬೇಕು?

ಈ ಕೆಲ್ಸ ಸಿಕ್ಕಿದ್ ಒಸದ್ರಲ್ಲಿ ಉಣ್ಣಕ್ ಕುಂತಾಗೆಲ್ಲ ನಂಗೆ ಪಾಠ ಒಪ್ಪಿಸ್ತಿದ್ದೆ, ಮರೆತ್ಯಾ? ಮೋಡ ಕಟ್ಟಿದ್ರೆ ಅತ್ಬಾರ್ದು. ಕೆಳ್ಗೊಬ್ಬ ಇಲ್ದೆ ಅತ್ಬಾರ್ದು. ನಾಕ್ ದಿಕ್ಕಿನ್ ತಂತೀನೂ ಕೈಲಿ ಎಳ್ದು ನೋಡ್ದೆ ಮೆಟ್ಲ ಮ್ಯಾಲೆ ಕಾಲಿಡ್ಬಾರ್ದು. ಕೊಕ್ಕೆ ಸಿಕ್ಕಿಸ್ದೆ ಎರಡ್ ಕೈಯೂ ಬುಡ್ಬಾರ್ದು. ಸ್ಪ್ಯಾನರ್‌ಗೂ ದಾರ ಕಟ್ಟಿ ಸೊಂಟಕ್ಕೆ ಸಿಕ್ಕಿಸ್ಕಬೇಕು, ಜಾರುದ್ರೆ ಕೆಳ್ಗಿರೋನ್ ತಲೆ ಒಡೀದಂಗೆ. ಮುದ್ದೆ ಮುರೀತಾ ಮುರೀತಾ ಯೇಳ್ತಿದ್ದೆ. ಓದಕ್ ಬರ್ಯಕ್ ಬರ್ದೋಳಿಗೆ ಬಾಯಿಪಾಠ ಆಗೋಗದೆ. ನಾಳೆ ಇದ್ರಲ್ಲಿ ಯಾವ್ದ ಮಾಡೀಯೆ? ಬೆಲ್ಟಿಲ್ಲ. ಕೆಳ್ಗೆ ಅಗ್ಗ ಇಡ್ಕಳೋ ಕೆಂಪಯ್ಯ ಅಬ್ಬಕ್ಕೆ ಅಂತ ಮದ್ದೂರಿಗೆ ಮಗ್ಳ ಮನೆಗೋಗವ್ನೆ. ಆಚ್ಗೆ ಬಂದು ಬಾನ ನೋಡು, ಎಂಗ್ ಕಪ್ಪಿಟ್ಟದೆ ಅಂತ.

ಯಾರ್ಗೆ ತೋರಿಸ್ಬೇಕು ನೀನು? ಆ ಸಾಯೇಬ್ನಿಗಾ? ಅವ್ನಿಗೇನಾಗ್ಬೇಕು. ನೀನು ಅತ್ತಿ ಇಳುದ್ರೆ ಮೆಮೋ ಕೊಡ್ತಾನೆ, ಬಿದ್ರೆ ಒಂದ್ ಆರ ತಂದಾಕ್ತಾನೆ. ಆಮ್ಯಾಕೆ ಅವನ್ ಪಾಡಿಗೆ ಅವನು ಮನೆಗೋಗಿ ಉಣ್ತಾನೆ. ನಾನು ಎಲ್ಲಿಗೋಗ್ಲಿ?

ಅತ್ತೀನಿ ಅಂದ್ರೆ ಅತ್ತೀನಿ, ಅಂತೆ. ಕೋಣನ್ ಮುಂದೆ ಮಾತಾಡ್ದಂಗಾಯ್ತು ನಂಗೆ. ಓಗು, ಅತ್ತು. ತುದೀಗೋಗಿ ಅವತ್ತಿನಂಗೆ ಕೈ ಮರಗಟ್ಟಿ, ಕಂಬ ತಬ್ಕೊಂಡು ನಿಂತ್ಬುಟ್ರೆ ಯಾರ್ ಬಂದು ಇಳಿಸ್ತಾರೆ ನಿನ್ನ?

...

ಯಾವತ್ತಿನಂಗೂ ಇಲ್ಲ. ಬಾಯಿಗ್ ಬಂತು, ಅಂದೆ.

ಅಂಗ್ ನೋಡ್ಬ್ಯಾಡ ನನ್ನ. ಕೆಂಪಯ್ಯ ಏನೂ ಯೇಳಿಲ್ಲ. ಅವ್ನಿಗೆ ಗೊತ್ತೂ ಇಲ್ಲ, ಬೀಡಿ ಸೇದ್ತಾ ಅತ್ಲಾಗೆ ತಿರಿಕ್ಕೊಂಡಿದ್ದ. ಯಾರೂ ಯೇಳಿಲ್ಲ ನಂಗೆ. ಯಾರ್ ಯೇಳ್ಬೇಕು... ನಾನೇ ಅಲ್ಲಿದ್ದೆ.

ಗೌರಿ ಅಬ್ಬ ಕಳ್ದು ಒಂದ್ ವಾರಕ್ಕೆ. ಕಂಬದ್ ಪಕ್ಕದ್ ಗದ್ದೇಲಿ ಕಳೆ ಕೀಳ್ತಿದ್ದೋ. ಗಾಳೀನೇ ಇರ್ನಿಲ್ಲ ಅವತ್ತು, ಬಟ್ಲು ಸಯಿತ ತಿರುಗ್ತಿರ್ನಿಲ್ಲ. ನೀನು ಇಳ್ಯೋ ಸದ್ದೇ ಕೇಳ್ನಿಲ್ವಲ್ಲ ಅಂತ ಕತ್ತೆತ್ತಿದ್ರೆ, ಇನ್ನೂ ತುದೀಲಿದ್ದೆ. ಕೆನ್ನೆ ಕಂಬಕ್ಕೊತ್ಕೊಂಡು, ಎರಡ್ ಕೈಲೂ ತಬ್ಕೊಂಡಿದ್ದೆ. ಬೆಲ್ಟಿತ್ತು, ಕೊಕ್ಕೆ ಸಿಕ್ಸಿತ್ತು, ಬೀಳೋ ಅಂಗೇನೂ ಇರ್ನಿಲ್ಲ. ಆದ್ರೂ ಕೈ ಬುಡ್ನಿಲ್ಲ ನೀನು. ನಾನು ಒಂದ್ ಸಾಲು ಪೂರ್ತಿ ಕಿತ್ತೆ, ನೀನು ಅಂಗೇ ಇದ್ದೆ. ತಿರ್ಗ ಇನ್ನೊಂದ್ ಸಾಲು ಇಡುದೆ, ಅಂಗೇ ಇದ್ದೆ.

ಶಿವನಂಜಮ್ಮ ಸೊಂಟ ನೆಟ್ಗೆ ಮಾಡಕೆ ಎದ್ಲು. ಇದೇನೇ ಇದು, ನಿನ್ ಗಂಡ ಕಂಬದ್ ಜತೇಲಿ ಸಂಸಾರ ಮಾಡ್ತಾವ್ನೆ ಅಂದ್ಲು. ಒಳ್ಗೆ ಉಳ ಸೇರದಾ ಅಂತ ಕಿವಿ ಕೊಟ್ಟು ಕೇಳ್ತಾವ್ನೆ ಕಣೆ, ಬಗ್ಗು ನೀನು, ಮೇಸ್ತ್ರಿ ಬತ್ತಾವ್ನೆ ಅಂದೆ. ಎಲ್ರೂ ಬಗ್ಗುದ್ರು. ಅವರ್ಯಾರೂ ಕತ್ತೆತ್ದಂಗೆ ಏನೇನೋ ಆಡ್ದೆ ಕಣಯ್ಯ, ನಮ್ಮತ್ತೆ ಸುದ್ದಿ ತೆಗ್ದೆ, ಯಾರ್ದೋ ಮದ್ವೆ ಸುದ್ದಿ ತೆಗ್ದೆ, ನಗಿಸ್ದೆ. ನನ್ನೊಬ್ಳಿಗೆ ಬಗ್ಗಕಾಗ್ನಿಲ್ಲ. ನಿಂತೇ ಇದ್ದೆ.

ಆಮ್ಯಾಕೆ ಇಳ್ದೆ ನೀನು. ಒಂದೊಂದ್ ಮೆಟ್ಲನ್ನೂ ಕಾಲಲ್ಲಿ ತಡಕ್ಕೊಂಡು, ತಡಕ್ಕೊಂಡು... ಮನೆಗ್ ಬಂದು ಉಣ್ಣಕ್ ಕುಂತೋನು, ಇವತ್ತು ಬಟ್ಲು ಬೋ ಗಲೀಜಾಗಿತ್ತು ಕಣೆ, ಅದಕ್ಕೇ ವೊತ್ತಾಯ್ತು ಅಂದೆ. ಊಂ ಅಂದೆ ನಾನು. ಸಾರು ಬುಟ್ಟೆ.

ಮುಂದಿನ್ ಸಲ ಅತ್ತೋ ದಿನ ಅತ್ರ ಬತ್ತಾ ಬತ್ತಾ ನಂಗೆ ಅನ್ನ ಸೇರ್ನಿಲ್ಲ. ನಮ್ ಚಿಕ್ಕವ್ವನ್ನ ನೋಡ್ಕ ಬತ್ತೀನಿ ಅಂತ ಸುಳ್ಳೇಳಿ ಮಂಡ್ಯದ್ ಬಸ್ ಅತ್ತಿ ಗುತ್ತಲಿಗೋದೆ. ಊಂ, ಆ ಅಸಿರು ಬಾಗ್ಲ ನಾನೇ ತಟ್ಟುದ್ದು. ಸಾಯೇಬ್ರ ಎಂಡ್ತಿ ವೇದವತಮ್ಮ ಬಂದ್ರು. ಇತ್ಲ ಕಡೆ ಜಗ್ಲಿ ಮ್ಯಾಲೆ ಕೂರ್ಸಿ ಮಜ್ಗೆ ಕೊಟ್ರು. ಎಂಗೋ ಏನೋ ಯೇಳ್ದೆ, ಅರ್ಧ ಯೇಳ್ದೆ, ಅರ್ಧ ಅತ್ತೆ. ಆವಮ್ಮ ಒಳೀಕೋಗಿ ಗಂಡನ್ ಕೂಡೆ ಮಾತಾಡುದ್ರು. ಸಾಯೇಬ್ರು ಬಾಗ್ಲತ್ರ ಬಂದು ನಿಂತ್ಕೊಂಡು, ಕಾರಣ ಏನೋ ಒಂದು ನಾನು ಹೇಳ್ಕೋತೀನಿ ಮಾಯಮ್ಮ, ನನ್ನ ಬೈಕೊಂಡ್ರೆ ಬೈಕೊಳ್ಲಿ, ನೀನು ಬಂದಿದ್ದು ಮಾತ್ರ ಅವನಿಗೆ ಗೊತ್ತಾಗೋದು ಬೇಡ ಅಂದ್ರು. ಮೇಲಿಂದ ಆರ್ಡರೂ ಬಂದಿಲ್ಲ, ಮಣ್ಣೂ ಬಂದಿಲ್ಲ. ಅವತ್ತು ಎಲ್ರ ಮುಂದೆ ಆವಯ್ಯ ತಲೆ ಎತ್ನಿಲ್ಲ ಅಂತ ಬಯ್ತಿದ್ವಲ್ಲ. ನಿನ್ ಮಕ ಎಂಗ್ ನೋಡಾರು ಅವ್ರು?

ಇಷ್ಟೊತ್ತೂ ಅಂತೋರ್ನ ಬಾಯಿಗ್ ಬಂದಂಗೆ ಬಯ್ದೆ. ನನ್ ನಾಲ್ಗೆ ಬಿದ್ದೋಗ. ಅವ್ರಲ್ಲ, ನಾನು. ನಿನ್ ಸೊಂಟದ್ ಬೆಲ್ಟ್ ಬಿಚ್ಸಿದ್ದು ನಾನು. ತಪ್ಪಾಯ್ತು ಅಂತ ಅನ್ನಲ್ಲ ಕಣಯ್ಯ. ಇನ್ನೊಂದ್ಸಲ ಓಗು ಅಂದ್ರೆ ಇನ್ನೊಂದ್ಸಲ ಓಗಿ ಯೇಳ್ತೀನಿ. ಒಡೀತೀಯಾ, ಒಡಿ. ಬಾ, ಒಡಿ.



ಏನಾರ ಅನ್ನು. ನನ್ ಮಾನ ಕಳುದ್ಯಲ್ಲೇ ಅನ್ನು. ಯಾವಾಗ್ ಓಗಿದ್ದೆ, ಯಾರ್ನ ಕೇಳ್ ಓಗಿದ್ದೆ, ಅದಾದ್ರೂ ಕೇಳು... ಸಿಟ್ಟೂ ಬಂದಿಲ್ಲ ನಿಂಗೆ. ಬೆಚ್ಚಿ ಬೀಳ್ನಿಲ್ಲ. ನೆಲ ನೋಡ್ತಾ ಕುಂತಿದ್ದೀಯೆ.

ನಿಂಗೆ ಗೊತ್ತಿತ್ತಾ?

ನಾನ್ ಗುತ್ತಲಿಗೆ ಓಗಿದ್ದು ಅಲ್ಲ. ಅದ್ ನಿಂಗ್ ಗೊತ್ತಿರಕಿಲ್ಲ. ನಾನ್ ನೋಡ್ದೆ ಅಂತ... ಮ್ಯಾಗಿಂದ ಕಾಣ್ತಿದ್ನಾ ನಾನು? ಕಾಣ್ದೆ ಏನು. ಅಷ್ಟೂ ಎಂಗಸ್ರು ಬಗ್ಗಿರೋವಾಗ ಒಬ್ಳು ನಿಂತು ಮ್ಯಾಕೇ ನೋಡ್ತಿದ್ರೆ ಕಾಣ್ದಿರ್ತದಾ.

ಅದಕ್ಕೇ ಅವತ್ತಿಂದ ನೀನು ನನ್ ಮಕ ನೋಡಿ ಮಾತಾಡ್ನಿಲ್ಲ. ನಾನು ಬಟ್ಲು ಗಲೀಜಿನ್ ಸುಳ್ಳಿಗೆ ಊಂ ಅಂದಿದ್ದೂ ಗೊತ್ತು ನಿಂಗೆ. ಸಾಯೇಬ, ಸಾಯೇಬ ಅಂತ ಇಬ್ರೂ ಕುಂತು ದಿನಾ ಬಯ್ದೋ ಅಲ್ವಾ. ನೀನ್ ಯೇಳ್ನಿಲ್ಲ, ನಾನ್ ಕೇಳ್ನಿಲ್ಲ.

ಅಂಗಾರೆ ನಾಳೆ... ಸಾಯೇಬ್ರಿಗೆ ತೋರ್ಸಕಲ್ಲ ನೀನು ಅತ್ತೋದು. ಬಸ್ನಲ್ಲಿ ಓಗೋರ್ಗೂ ಅಲ್ಲ. ನಂಗಾ? ನಂಗೆ ತೋರ್ಸಕಾ?

ನಂಗೆ ತೋರ್ಸಿ ಏನಾಗ್ಬೇಕಯ್ಯ? ಅಷ್ಟ್ ವರ್ಸ ನೀನು ಸಲೀಸಾಗಿ ಅತ್ತಿ ಇಳೀವಾಗ ನಾನು ಒಂದ್ ದಿನಾನೂ ತಲೆ ಎತ್ತಿ ನೋಡ್ನಿಲ್ಲ. ಬಯ ನಂಗೆ. ನೋಡುದ್ರೆ ಎಲ್ಲಿ ಬಿದ್ಬುಟ್ಟೀಯೋ ಅಂತ ಬಯ. ಏನ್ ಗುಂಡ್ಗೆ ಕಣೆ ನಿನ್ ಗಂಡಂದು ಅಂತ ಊರೋರೆಲ್ಲ ಅನ್ನೋರು, ನಾನು ನೆಲ ನೋಡ್ಕೊಂಡೇ ಊಂ ಅಂತಿದ್ದೆ. ಕಂಬದ್ ಮ್ಯಾಲೆ ನಿನ್ನ ನಾನು ನೋಡಿರೋದೇ ಅದೊಂದ್ ಸಲ.

ಅಯ್ಯೋ... ಬ್ಯಾಡ ಕಣಯ್ಯ. ಅಳ್ಬ್ಯಾಡ. ಏಳು, ಎದ್ದು ಮಕ ತೊಳ್ಕೊ. ಐಕ್ಳು ಬರೋ ವೊತ್ತಾಯ್ತು, ನೋಡ್ಬುಟ್ಟಾವು.