ಕೊನೆಯವರು ಯಾರು?

ಹವಾನಾದ ಬ್ರೆಡ್ ಅಂಗಡಿಯಲ್ಲಿ, ಹೈಟಿಯಿಂದ ಬಂದು ನೆಲೆಸಿದ್ದ ಮುದುಕಿ ರೋಸ್‌ಮೆನ್ ಬ್ರೆಡ್ ಕೊಡುವ ಕಿಟಕಿಯಲ್ಲಿ ತನ್ನ ಸರದಿ ಬಂದರೂ ಕೊಳ್ಳದೆ ತಿರುಗಿದಳು. ಹಿಂದೆಯೇ ನಿಂತಿದ್ದ ಎಲಿಹಿಯೊ ಕಿವಿ ನಿಮಿರಿಸಿದ. ಪಕ್ಕದ ಮನೆಯ ಒನೆಲಿಯಾ ಅವಳನ್ನು ತಡೆದಳು.

"ಅಯ್ಯೋ ಅಜ್ಜಿ, ಇದು ಎರಡನೇ ಸಲ! ತಲೆ ಕೆಟ್ಟಿದ್ಯಾ ನಿಮಗೆ?"

"ಕಿಟಕೀಲಿ ಒಂದೇ ಮಾತು ಕಣೇ. ಸಾಲಲ್ಲಾದ್ರೆ ಗಂಟೆಗಟ್ಟಲೆ ಸ್ಪ್ಯಾನಿಷ್ ಮಾತಾಡ್ಬಹುದು."

"ಎಲ್ಲಾ ನಗ್ತಾರೆ ಅಜ್ಜಿ."

"ನಗಲಿ ಬಿಡು, ನಕ್ಕೋರೇ ತಿದ್ದೋದು. ಇಲ್ಲೇ ಹುಟ್ಟಿದ ಮೊಮ್ಮಗಳಿಗೆ ನನ್ನ ಭಾಷೆ ಬರಲ್ಲ. ಭಾನುವಾರ ಅವಳಿಗೊಂದು ಕತೆ ಸ್ಪ್ಯಾನಿಷ್‌ನಲ್ಲೇ ಹೇಳ್ಬೇಕು."

"ಅಷ್ಟರಲ್ಲಿ ಬ್ರೆಡ್ ಖಾಲಿಯಾದ್ರೆ?"

"ಕತೇನೇ ತಿಂತೀವಿ."

ರೋಸ್‌ಮೆನ್ ಸಾಲಿನ ತುದಿಗೆ ನಡೆದು, ಸಾಲು ಸೇರುವವರೆಲ್ಲ ಕೇಳುವ ಊರಿನ ವಾಡಿಕೆಯಂತೆ ಗಟ್ಟಿಯಾಗಿ ಕೇಳಿದಳು: "ಕೊನೆಯವರು ಯಾರ್ರೀ?"

ಎಲಿಹಿಯೊನ ಸರದಿ ಬಂದಿತ್ತು. ಅವನು ಕಿಟಕಿ ಬಿಟ್ಟು, ಸರಸರನೆ ಹೋಗಿ ಅವಳ ಮುಂದೆ ನಿಂತ.

"ನಾನೇ ಅಮ್ಮಾ. ಹೇಳಿ, ಕತೆ ಶುರುವಾಗಲಿ."