ಹುಚ್ಚವ್ವಕ್ಕನ ಇನ್‌ಬಾಕ್ಸ್

ಹಾನಗಲ್ ಕಡೆ ಹೋಗುವ ಕಡೇ ಬಸ್ಸು ಸವಿತಾಳನ್ನು ಕ್ರಾಸಿನಲ್ಲಿ ಇಳಿಸಿ, ಗೇರು ಕಿರ್ರೆನ್ನಿಸಿ ಹೊರಟುಹೋಯಿತು. ಅದರ ಸದ್ದು ಪೂರ್ತಿ ಕರಗುವವರೆಗೆ ಅವಳು ಅಲ್ಲೇ ನಿಂತಳು. ದಿನಾ ಹಾಗೆ ನಿಲ್ಲುವವಳಲ್ಲ. ಆದರೆ ಕ್ರಾಸಿನಿಂದ ಊರೊಳಗೆ ಇರುವುದು ಒಂದೇ ದಾರಿ. ಆ ದಾರಿಯಲ್ಲಿ ಬಾವಿ. ಬಾವಿಗೆ ಹೊಂದಿಕೊಂಡು ಹುಚ್ಚವ್ವಕ್ಕನ ಮನೆ. ಹುಚ್ಚವ್ವಕ್ಕ ಸತ್ತು ಇನ್ನೂ ತಿಂಗಳು ತುಂಬಿರಲಿಲ್ಲ. ಮನೆಗೆ ಬೀಗ...

ಸವಿತಾ ನಮ್ಮ ಚಿಗವ್ವನ ಮಗಳು. ಅವಳಿಗೆ ಆದದ್ದನ್ನೇ ಹೇಳುತ್ತಿದ್ದೇನೆ. ರಾತ್ರಿ ನಿದ್ದೆ ಬರದಿದ್ದರೆ ನನ್ನನ್ನು ಬೈಯಬೇಡಿ.

ಅವಳ ಕೆಲಸ ಏನೆಂದು ಮೊದಲು ಹೇಳಬೇಕು. ಶಿಗ್ಗಾಂವದಲ್ಲಿ ಹೈವೇ ಪಕ್ಕ ಒಂದು ಸಣ್ಣ ಆಫೀಸು. ಬೀಜದ ಅಂಗಡಿ, ಸೀರೆ ಅಂಗಡಿ, ಕೋಚಿಂಗ್ ಕ್ಲಾಸು... ಇವರೆಲ್ಲ ಗಿರಾಕಿಗಳಿಗೆ ಕಳಿಸುವ ಇ-ಮೇಲುಗಳನ್ನು ಆ ಆಫೀಸಿನವರು ಸಾವಿರಗಟ್ಟಲೆ ಕಳಿಸಿಕೊಡುತ್ತಾರೆ. ಕಳಿಸುವುದು ದೊಡ್ಡ ಮಾತಲ್ಲ, ಮುಟ್ಟಿಸುವುದೇ ಕಷ್ಟ. ಕಳಿಸುವ ಪ್ರತಿಯೊಬ್ಬರ ಮೇಲೂ ಮೇಲ್ ಕಂಪನಿಗಳ ಕಣ್ಣಿರುತ್ತದೆ. ಇವರು ಕಳಿಸಿದ್ದನ್ನು ಜನ ತೆರೆದು ಓದುತ್ತಾರೋ, ಕಸ ಅಂತ ದೂರುತ್ತಾರೋ? ಓದಿದರೆ ಹೆಸರು ಏರುತ್ತದೆ. ದೂರಿದರೆ ಇಳಿಯುತ್ತದೆ. ಹೆಸರು ಕೆಟ್ಟವರದ್ದೂ, ಇನ್ನೂ ಹೆಸರೇ ಇಲ್ಲದ ಹೊಸಬರದ್ದೂ ಎಷ್ಟೋ ಸಲ ನೇರ ಸ್ಪ್ಯಾಮಿಗೆ ಬೀಳುತ್ತದೆ. ಅಲ್ಲಿ ಯಾರೂ ಇಣುಕುವುದಿಲ್ಲ. ಸ್ವಲ್ಪ ದಿನಕ್ಕೆ ತಾನಾಗಿಯೇ ಅಳಿಸಿಹೋಗುತ್ತದೆ. ಸವಿತಾ ಆ ಹೆಸರು ಕಾಯುವವಳು. ಬೆಳಿಗ್ಗೆ ಹೋದಕೂಡಲೇ ಕಂಪ್ಯೂಟರಿನಲ್ಲಿ ಆ ಹೆಸರಿನ ಏರಿಳಿತದ ಗೆರೆ ನೋಡುತ್ತಾಳೆ. ಹಸಿರೋ, ಹಳದಿಯೋ, ಕೆಂಪೋ.

ಒಂದು ಸಲ ಕೆಂಪಾಯಿತು. ಮಾಲೀಕ ರುದ್ರೇಶ ಅವಳ ಹಿಂದೆ ಬಂದು ನಿಂತ.

“ಸವಿತಾ, ನಿಮ್ಮ ಓಣಿ ಮಂದಿದು ಮೇಲ್ ಐಡಿ ಅದಾವಿಲ್ಲೋ? ಅವಕ್ಕ ಕಳಿಸು. ನೀನ ತಗದು ಓದು. ಸ್ಪ್ಯಾಮ್‌ನಾಗ ಬಿದ್ದದ್ದು ಎತ್ತಿ ಮ್ಯಾಲಿಡು. ನಮ್ಮ ಹೆಸರು ತಾನ ಏರ್ತೈತಿ.”

“ಅವರನ್ನ ಒಂದು ಮಾತು ಕೇಳಬೇಕಲ್ರಿ, ಸರ್.”

“ಕೇಳಾಕ ಅವರ ಹೊಲ ಬರಸ್ಕೊಳ್ಳಾಕತ್ತೇವೇನು?”

ಸವಿತಾ ಕಂಪ್ಯೂಟರಿನತ್ತ ತಿರುಗಿ, ಹೇಳಿದಂತೆ ಮಾಡತೊಡಗಿದಳು. ಅವಳ ಹತ್ತಿರ ಓಣಿಯವರದು ಅಂತ ಇದ್ದದ್ದು ಒಂದೇ ಐಡಿ. ಹುಚ್ಚವ್ವಕ್ಕನದು.

ಹುಚ್ಚವ್ವಕ್ಕ ಜೋಳದ ರೊಟ್ಟಿ ಬಡಿದು ಶಿಗ್ಗಾಂವದ ಖಾನಾವಳಿಗೆ ಕೊಡುತ್ತಿದ್ದಳು. ಗಟ್ಟಿ ಹೆಂಗಸು, ಬಾಯಿಯೂ ಗಟ್ಟಿ. ತಮ್ಮ ಮೈಲಾರಲಿಂಗ ಸರಕಿನ ಹಡಗಿನಲ್ಲಿ ಅಡುಗೆಯವನು. ನಡುಸಮುದ್ರದಲ್ಲಿ ಫೋನು ಹತ್ತುವುದಿಲ್ಲ. ತನ್ನ ದನಿ ರೆಕಾರ್ಡು ಮಾಡಿ ಹಡಗಿನ ಕಂಪ್ಯೂಟರಿನಿಂದ ಮೇಲ್ ಮಾಡುತ್ತಿದ್ದ. ಅಕ್ಕನಿಗೆ ಓದಲು ಬಾರದು. ಅದಕ್ಕೇ ಸವಿತಾ ಒಂದು ಹಳೇ ಫೋನಿನಲ್ಲಿ ಅವಳ ಹೆಸರಿಗೆ ಐಡಿ ಮಾಡಿಕೊಟ್ಟು, ಫೋನನ್ನು ತನ್ನ ಬ್ಯಾಗಿನಲ್ಲೇ ಇಟ್ಟುಕೊಂಡಿದ್ದಳು.

ಸಂಜೆ ಸವಿತಾ ಬಸ್ಸಿಳಿದು ಬರುವಾಗ ಬಾವಿಯ ತನಕ ಕೇಳುತ್ತಿತ್ತು... ಪಟ್, ಪಟ್, ಪಟ್. ನಡುನಡುವೆ ಗಾಜಿನ ಬಳೆ ಕಿಣಿ ಎನ್ನುವುದು. ಇವಳ ಚಪ್ಪಲಿ ಬಾವಿಯ ಹಾಸುಗಲ್ಲಿಗೆ ಬಡಿದರೆ ಸಾಕು, ಬಡಿತ ನಿಲ್ಲುತ್ತಿತ್ತು. ಕಿಟಕಿಯಿಂದ ದನಿ.

“ಬಂತೇನವಾ?”

ಬಂದಿದ್ದರೆ ಹಿಟ್ಟಿನ ಕೈಯಲ್ಲೇ ಫೋನು ಕಸಿದುಕೊಂಡು ಕಿವಿಗೆ ಹಚ್ಚುವಳು.

“ಅಕ್ಕಾ, ಕೈ ತೊಳಕೋಬೇ. ಗಾಜೆಲ್ಲ ಹಿಟ್ಟಾತು.”

“ಇರ್ಲಿ ಬಿಡ. ಅದಕ್ಕೂ ಹಸಿವಿ ಆಗಿರ್ತೈತಿ.”

ಫೋನಿನೊಳಗಿಂದ ಮೈಲಾರಲಿಂಗನ ದನಿ: “ಅಕ್ಕಾ, ಇವತ್ತ ಎಣ್ಣಿಗಾಯಿ ಮಾಡಿದ್ನಿ. ಕ್ಯಾಪ್ಟನ್‌ಗ ಖಾರ ನೆತ್ತಿಗೇರಿ ಮಾತಾ ಬರವಲ್ದು.” ಹುಚ್ಚವ್ವಕ್ಕ ಅದನ್ನೇ ತಿರುತಿರುಗಿಸಿ ಕೇಳಿ ನಗುತ್ತಿದ್ದಳು. ಸವಿತಾಳ ಕೈಯಿಂದ ಅದಕ್ಕೆ ಉತ್ತರ ರೆಕಾರ್ಡು ಮಾಡಿಸುತ್ತಿದ್ದಳು.

ಆಮೇಲೆ ಅವನು ಹಡಗು ಬದಲಿಸಿದ. ಊರಿಗೆ ಆ ಸುದ್ದಿ ಮುಟ್ಟಿರಲಿಲ್ಲ. ಹೊಸ ಹಡಗಿನ ಮೇಲುಗಳು ಆ ಹಡಗಿನ ಇಂಗ್ಲಿಷ್ ಹೆಸರಿನಲ್ಲೇ ಬರತೊಡಗಿದವು. ಹೊಸ ಹೆಸರು, ಯಾರಿಗೂ ಗುರುತಿಲ್ಲದ್ದು. ಎಲ್ಲವೂ ಸ್ಪ್ಯಾಮಿಗೆ ಬಿದ್ದವು.

ಸವಿತಾ ದಿನವೂ ತನ್ನ ಕೈಯಾರೆ ಆ ಸ್ಪ್ಯಾಮು ಕೆದರುತ್ತಿದ್ದಳು. ಸೀರೆಯದು, ಬೀಜದ್ದು ಮಾತ್ರ ಆರಿಸಿ ಮೇಲೆ ಇಡುತ್ತಿದ್ದಳು. ಪಕ್ಕದಲ್ಲೇ ಆ ಇಂಗ್ಲಿಷ್ ಹೆಸರು ಬಿದ್ದಿರುತ್ತಿತ್ತು. ಯಾವುದೋ ಲಾಟರಿ ಮೋಸದವರದು ಅಂದುಕೊಂಡಳು. ಯಾವ ಮೇಲು ಯಾಕೆ ಸ್ಪ್ಯಾಮಿಗೆ ಬೀಳುತ್ತದೆಂದು ತಿಳಿದವಳು ಇಡೀ ಊರಿಗೆ ಅವಳೊಬ್ಬಳೇ. ಅವಳೇ ಹಾಗಂದುಕೊಂಡಳು.

“ಬಂತೇನವಾ?”

“ಇನ್ನಾ ಇಲ್ಲಬೇ ಅಕ್ಕಾ.”

ಒಂದು ಮಧ್ಯಾಹ್ನ ಕೆಲಸವಿಲ್ಲದೆ ಕೂತಾಗ ಸುಮ್ಮನೆ ಆ ಇಂಗ್ಲಿಷ್ ಹೆಸರಿನದೊಂದನ್ನು ತೆರೆದಳು.

“ಅಕ್ಕಾ... ನೀ ಯಾಕ ಸುಮ್ಮನಾದಿ? ನನ್ನ ಮ್ಯಾಲ ಸಿಟ್ಟೇನು?”

ತಟ್ಟನೆ ನಿಲ್ಲಿಸಿದಳು. ಪಕ್ಕದ ಟೇಬಲಿನವರು ತಿರುಗಿ ನೋಡಿದರು. ಅವಳು ಫೋನು ಬ್ಯಾಗಿಗೆ ತುರುಕಿದಳು.

ಅವತ್ತು ಸಂಜೆಯೇ ಕೇಳಿಸಬಹುದಿತ್ತು. ಬಸ್ಸಿನಲ್ಲಿ ಕೂತು ಎಲ್ಲವನ್ನೂ ಮೇಲೆ ಎತ್ತಿಡಲು ಬೆರಳು ಚಾಚಿದಳು ಕೂಡ. ಆದರೆ ಇಷ್ಟು ದಿನ ಇವು ಎಲ್ಲಿದ್ದವು ಅಂತ ಅಕ್ಕ ಕೇಳಿದರೆ? ನಿನ್ನ ಹೆಸರಿನಲ್ಲಿ ಸೀರೆ ಅಂಗಡಿಯ ಮೇಲು ಓದುತ್ತಿದ್ದೆ, ನಿನ್ನ ತಮ್ಮನದು ಕಸದಲ್ಲಿ ಬಿಟ್ಟಿದ್ದೆ ಅನ್ನಬೇಕು. ನಾಳೆ ಹೇಳಿದರಾಯಿತು ಅಂದುಕೊಂಡಳು. ಬಾವಿಯ ಹತ್ತಿರ ಬಡಿತ ನಿಂತಿತು.

“ಬಂತೇನವಾ?”

“ಇನ್ನಾ ಇಲ್ಲಬೇ ಅಕ್ಕಾ.”

ಅದಕ್ಕೂ ಮೊದಲು ಹಾಗೆ ಹೇಳಿದ್ದೆಲ್ಲ ತಿಳಿಯದೆ ಹೇಳಿದ್ದು. ಇದು ತಿಳಿದೂ ಹೇಳಿದ್ದು. ಮರುದಿನವೂ ಹೇಳಿದಳು.

ಆ ವಾರವೇ ಹುಚ್ಚವ್ವಕ್ಕ ಒಲೆಯ ಮುಂದೆ ಕೂತಲ್ಲೇ ವಾಲಿದಳು. ಎದೆನೋವು ಅಂದರು. ಜನ ಬಾಗಿಲು ತೆಗೆದಾಗ ಪರಾತದಲ್ಲಿ ನಾದಿದ ಹಿಟ್ಟು ಹಾಗೇ ಇತ್ತು.

ಸವಿತಾ ಆ ಫೋನು ಆರಿಸಿ ಆಫೀಸಿನ ತನ್ನ ಡ್ರಾಯರಿನಲ್ಲಿ ಹಾಕಿ ಬೀಗ ಜಡಿದಳು. ಕೀಲಿ ತನ್ನ ಪರ್ಸಿನಲ್ಲಿ. ಮತ್ತೆ ತೆಗೆಯಲೇ ಇಲ್ಲ.

ಇಲ್ಲಿಂದ ಸ್ವಲ್ಪ ಗಮನವಿಟ್ಟು ಕೇಳಿ.

ಅವತ್ತು, ಅದೇ ಕಡೇ ಬಸ್ಸಿನ ದಿನ, ರುದ್ರೇಶ ಕಂಪ್ಯೂಟರು ನೋಡುತ್ತ ನಕ್ಕ. ಗೆರೆ ಹಸಿರಾಗಿತ್ತು.

“ನಿಮ್ಮ ಹುಚ್ಚವ್ವ ಬಾಳ ನಿಯತ್ತಿನ ಗಿರಾಕಿ ಬಿಡು. ಒಂದೂ ಬಿಡದಂಗ ತಗದು ಓದಾಕತ್ತಾಳ.”

“ಸರ್... ಆಕಿ ತೀರಿಕೊಂಡಾಳ್ರಿ.”

“ಹಂಗಾರ ನೀನ ತಗಿಯಾಕತ್ತಿ.”

“ನಾ ಮುಟ್ಟಿಲ್ರಿ.”

ರುದ್ರೇಶ ಪರದೆ ನೋಡಿದ. ಅವಳನ್ನು ನೋಡಿದ. “ಮೊದಲು ಆ ಐಡಿ ತಗದು ಹಾಕು,” ಅಂದು ಗಾಡಿ ಹತ್ತಿ ಮನೆಗೆ ಹೋದ. ಅಂಗಡಿಗಳ ಎಲ್ಲ ಪಟ್ಟಿಗಳಿಂದಲೂ ಅದನ್ನು ಹುಡುಕಿ ತೆಗೆಯುವಷ್ಟರಲ್ಲಿ ಸವಿತಾಗೆ ಹೊತ್ತಾಯಿತು.

ಹಾಗಾಗಿ ಆ ರಾತ್ರಿ ಕ್ರಾಸಿನಲ್ಲಿ ನಿಂತಿದ್ದಳು. ಬಸ್ಸಿನ ಸದ್ದು ಕರಗಿತು. ನಡೆದಳು. ಬೀದಿದೀಪ ಇರಲಿಲ್ಲ. ಬಾವಿಯಲ್ಲಿ ಕಪ್ಪೆಯೊಂದು ಡುಳುಕ್ಕನೆ ಮುಳುಗಿತು. ಆಮೇಲೆ ಏನೂ ಇಲ್ಲ. ಆಮೇಲೆ...

ಪಟ್.

ಪಟ್... ಪಟ್...

ಬೀಗ ಹಾಕಿದ ಮನೆಯೊಳಗಿಂದ. ಕಿಣಿ... ಬಳೆ. ಪಟ್, ಪಟ್, ಪಟ್.

ಅವಳ ಚಪ್ಪಲಿ ಹಾಸುಗಲ್ಲಿಗೆ ಬಡಿಯಿತು. ಬಡಿತ ನಿಂತಿತು.

ಕಿಟಕಿ ಮುಚ್ಚಿಯೇ ಇತ್ತು. ಆದರೂ ಉಸಿರು ಕಿವಿಯ ಹತ್ತಿರವೇ ಬಂದ ಹಾಗೆ, ಪಿಸುದನಿ.

“ಬಂತೇನವಾ?”

ಬಂದಿತ್ತು ಅನ್ನಬಹುದಿತ್ತು. ತಪ್ಪಾತು ಅಕ್ಕಾ ಅನ್ನಬಹುದಿತ್ತು. ಅವಳ ಬಾಯಿ ರೂಢಿಯಂತೆ ತಾನೇ ತೆರೆಯಿತು.

“ಇನ್ನಾ ಇಲ್ಲಬೇ ಅಕ್ಕಾ.”

ಒಳಗಿಂದ “ಹೂಂ...” ಅಂತ ಒಂದು ನಿಟ್ಟುಸಿರು. ಮತ್ತೆ ಪಟ್, ಪಟ್, ಪಟ್. ಈಗ ತುಸು ಮೆಲ್ಲಗೆ.

ಸವಿತಾ ಒಂದು ಚಪ್ಪಲಿ ಬಿಟ್ಟು ಓಡಿದಳು. ಮೂರು ದಿನ ಜ್ವರ. ನಮ್ಮ ಚಿಗವ್ವ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಮಗಳು ಯಾಕೆ ಅಳುತ್ತಾಳೆಂದು ಮಾತ್ರ ಅವಳಿಗೆ ಗೊತ್ತಾಗಲಿಲ್ಲ.

ಮಳೆಗಾಲ ಕಳೆದ ಮೇಲೆ ಮೈಲಾರಲಿಂಗ ಬಂದ. ನಾನೂ ಆಗ ಚಿಗವ್ವನ ಮನೆಯಲ್ಲೇ ಇದ್ದೆ. ಚಹಾ ಮುಟ್ಟಲಿಲ್ಲ. ಫೋನು ಕೈಯಲ್ಲೇ ಇಟ್ಟುಕೊಂಡು ಕೂತ. ಚಿಗವ್ವ ಒಳಗೆ ಹೋದ ಮೇಲೆ ಮೆಲ್ಲಗೆ ಅಂದ:

“ಸವಿತಾ, ಅಕ್ಕ ಹೋದಳು ಅಂತ ಹಡಗಿಗೆ ಸುದ್ದಿ ಬಂದು ಎಷ್ಟೋ ದಿನ ಆಗಿತ್ತು. ಒಂದು ರಾತ್ರಿ ಅಕ್ಕನ ಐಡಿಯಿಂದ ಒಂದು ರೆಕಾರ್ಡ್ ಬಂತು. ಇನ್‌ಬಾಕ್ಸ್‌ನಾಗ ಎಲ್ಲಾದಕ್ಕಿಂತ ಮ್ಯಾಲ ಇತ್ತು. ನೀ ಕಳಿಸಿದಿಯೇನು?”

ಅವಳು ತಲೆಯಾಡಿಸಿದಳು. ಇಲ್ಲ.

ಅವನು ಒತ್ತಿದ.

ಪಟ್... ಪಟ್... ಪಟ್... ಕಿಣಿ. ಚಪ್ಪಲಿ ಕಲ್ಲಿಗೆ ಬಡಿದ ಸದ್ದು. ಬಡಿತ ನಿಂತಿತು. “ಬಂತೇನವಾ?” ಆಮೇಲೆ ಒಂದು ಹುಡುಗಿಯ ದನಿ. ಸ್ಪಷ್ಟ. “ಇನ್ನಾ ಇಲ್ಲಬೇ ಅಕ್ಕಾ.” ಆಮೇಲೆ ಆ ನಿಟ್ಟುಸಿರು.

ಅಲ್ಲಿಗೆ ಮುಗಿಯಿತು.

ಸವಿತಾ ಗೋಡೆಗೆ ಒರಗಿ ಕೂತಳು. ಎಲ್ಲಾ ಹೇಳಿದಳು. ಸೀರೆ ಅಂಗಡಿಯದು, ಸ್ಪ್ಯಾಮಿನದು, ತಿಳಿದೂ ಹೇಳಿದ ಸುಳ್ಳು, ಸತ್ತ ಮೇಲೂ ಹೇಳಿದ ಸುಳ್ಳು. ತಲೆ ಎತ್ತಲಿಲ್ಲ. ಅವನು ಬೈಯುತ್ತಾನೆಂದು ಕಾದಳು. ಬೈಯಲಿಲ್ಲ.

“ನನಗ ಹೇಳಿದಿ,” ಅಂದ. “ಆಕಿಗೆ ಹೇಳಿದಿಯೇನು?”

ತನ್ನ ದನಿ ಇನ್ನೂ ಉಳಿದಿದ್ದರೆ ಆ ಕಿಟಕಿಯ ಮುಂದೆ ಅವಳೇ ಕೇಳಿಸಬೇಕು ಅಂದ. ಅದಕ್ಕೆ ಆ ಹಳೇ ಫೋನು ಬೇಕು. ಒಬ್ಬಳೇ ಬರಲಾರೆ ಅಂತ ಸವಿತಾ ನನ್ನ ಕೈ ಹಿಡಿದುಕೊಂಡಳು. ಮೂವರೂ ಶಿಗ್ಗಾಂವಕ್ಕೆ ಹೋದೆವು. ಭಾನುವಾರ. ಆಫೀಸಿನಲ್ಲಿ ಯಾರೂ ಇಲ್ಲ. ಪರ್ಸಿನಿಂದ ಕೀಲಿ ತೆಗೆದು ಡ್ರಾಯರಿನ ಬೀಗ ತೆಗೆದಳು. ಒಳಗೆ ದೂಳು. ಪೆನ್ನು, ಹೇರ್‌ಪಿನ್ನು, ಅವುಗಳ ಮೇಲೂ ದೂಳು. ಫೋನು ಅವಳು ಇಟ್ಟ ಹಾಗೇ ಆರಿಯೇ ಇತ್ತು.

ಅವತ್ತು ಸಂಜೆ ಅವಳು ಕಿಟಕಿಯ ಮುಂದೆ ಕೂತು, “ಬಂದಿತ್ತಕ್ಕಾ, ನಾನ ಹೇಳಲಿಲ್ಲ,” ಅಂದಳು. ಸ್ಪ್ಯಾಮಿನದೆಲ್ಲ ಅಳಿಸಿಹೋಗಿತ್ತು, ಹಿಂದೆ ಆಫೀಸಿನಲ್ಲಿ ಅವಳು ತೆರೆದ ಆ ಒಂದೇ ದನಿ ಫೋನಿನಲ್ಲಿ ಉಳಿದಿತ್ತು. ಅದನ್ನೇ ಹಚ್ಚಿದಳು. ಒಳಗಿಂದ ಉತ್ತರ ಬರಲಿಲ್ಲ. ಬಡಿತವೂ ಕೇಳಲಿಲ್ಲ. ಕೇಳಿಸಿಕೊಂಡಳೋ ಇಲ್ಲವೋ, ಯಾರಿಗೆ ಗೊತ್ತು? ಸವಿತಾಗೂ ಗೊತ್ತಿಲ್ಲ. ಈಗಲೂ ಅವಳು ಬಾವಿ ಹತ್ತಿರ ಬಂದಾಗ ಚಪ್ಪಲಿ ಕೈಗೆ ತೆಗೆದುಕೊಂಡು ನಡೆಯುತ್ತಾಳೆ.

ಇದನ್ನೆಲ್ಲ ನೀವು ನಂಬದೆ ಇರಬಹುದು. ರೆಕಾರ್ಡು ಯಾರೋ ಮಾಡಿದ್ದು ಅನ್ನಬಹುದು. ಆದರೆ ಡ್ರಾಯರು ತೆಗೆದಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಫೋನಿನ ಗಾಜಿನ ಮೇಲೆ ಬೆರಳಿನ ಗುರುತುಗಳಿದ್ದವು, ಬೆಳ್ಳಗೆ. ಜೋಳದ ಹಿಟ್ಟು. ಬಿಸಿನೀರು ಹಾಕಿ ನಾದಿದ್ದು. ನಾನೇ ಮುಟ್ಟಿ ನೋಡಿದ್ದೇನೆ.

ಇನ್ನೂ ಬೆಚ್ಚಗಿತ್ತು.